ಎತ್ತಿಕೊಡುವ ದನಿಗೆ ಕಾದು ನಿಂತ ರಾತ್ರಿ: ಒಬ್ಬ ರಂಗ–ಕಿರುತೆರೆ ಕಲಾವಿದೆಯ ಪ್ರಕರಣ

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಬೆಂಗಳೂರಿನ ನಾಗರಬಾವಿ, ರಾಜರಾಜೇಶ್ವರಿ ನಗರದ ಕಡೆ ಇರುವ ಕೆಲವು ಕಲಾವಿದರಿಗೆ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುತ್ತೇನೆ. ಫೀಸು ತೆಗೆದುಕೊಳ್ಳುವುದಿಲ್ಲ. ನಾಟಕದ ಪಾಸ್ ಕೊಟ್ಟರೆ ಬೇಡ ಎನ್ನುವುದೂ ಇಲ್ಲ. ಹವ್ಯಾಸಿ ತಂಡಗಳಲ್ಲಿ ಕಾವಲುಗಾರ, ಎರಡನೇ ಪುರೋಹಿತ, ಸತ್ತವನ ಅಣ್ಣ ಇಂಥ ಪಾತ್ರಗಳನ್ನು ಮಾಡಿ ಬೆಳೆದವನು ನಾನು. ಹಾಗಾಗಿ ಈ ಜನರ ಲೆಕ್ಕದ ಪುಸ್ತಕ ನೋಡುವಾಗ ಅಂಕಿಗಳ ಹಿಂದಿನ ಕಥೆಯ ಮೇಲೂ ಕಣ್ಣು ಹೋಗುತ್ತದೆ.

ಇಲ್ಲಿ ಬರೆಯುತ್ತಿರುವುದು ಅವರಲ್ಲಿ ಒಬ್ಬರ ವಿಷಯ. ಅವರ ಹೆಸರು, ಊರು, ಧಾರಾವಾಹಿ, ವಾಹಿನಿ ಯಾವುದನ್ನೂ ಹೇಳುವುದಿಲ್ಲ. ಕೆಲವು ವರ್ಷಗಳನ್ನೂ ಎಲ್ಲ ಮೊತ್ತಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ, ಒಂದಕ್ಕೊಂದಕ್ಕೆ ಇರುವ ಅನುಪಾತವನ್ನು ಮಾತ್ರ ಮುಟ್ಟಿಲ್ಲ. ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದರು, ಒಂದು ಕಡೆ ನಕ್ಕರು. ನಾಟಕ ಕಂಪನಿಯವರು ಅವರನ್ನು 'ಅಕ್ಕಾರ' ಅನ್ನುತ್ತಿದ್ದರು, ಶೂಟಿಂಗಿನವರು 'ಅಮ್ಮಾ' ಅನ್ನುತ್ತಾರೆ. ನಾನು ಅಕ್ಕ ಎಂದೇ ಬರೆಯುತ್ತೇನೆ.

ಹಿನ್ನೆಲೆ

ಅಕ್ಕ ಹುಟ್ಟಿದ್ದು 1964ರ ಸುಮಾರಿಗೆ, ನಾಟಕ ಕಂಪನಿಯೊಂದರ ಕ್ಯಾಂಪಿನಲ್ಲಿ. ತಾಯಿಯೂ ಬಣ್ಣ ಹಚ್ಚುತ್ತಿದ್ದವರು. ಉತ್ತರ ಕರ್ನಾಟಕದ ರಂಗಭೂಮಿಯಲ್ಲಿ ಒಂದು ಕಾಲಕ್ಕೆ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಏಣಗಿ ಬಾಳಪ್ಪನವರು ಯೌವನದಲ್ಲಿ ಹೆಸರು ಮಾಡಿದ್ದೇ ಅಂಥ ಪಾತ್ರಗಳಿಂದ. ಅಕ್ಕನ ತಾಯಿಯ ಕಾಲಕ್ಕೆ ಹೆಂಗಸರು ರಂಗಕ್ಕೆ ಬಂದಿದ್ದರು, ಆದರೆ ಊರೊಳಗೆ ಬಾಡಿಗೆ ಮನೆ ಇನ್ನೂ ಸಿಗುತ್ತಿರಲಿಲ್ಲ. ಏಳನೇ ವರ್ಷಕ್ಕೆ ಅಕ್ಕನಿಗೆ ಬಾಲಕನ ಪಾತ್ರ ಸಿಕ್ಕಿತು, ಹದಿನಾಲ್ಕಕ್ಕೆ ನಾಯಕಿಯ ತಂಗಿ, ಹದಿನೇಳಕ್ಕೆ ನಾಯಕಿ. ಶಾಲೆ ನಾಲ್ಕನೇ ಇಯತ್ತೆಗೆ ನಿಂತುಹೋಯಿತು. ಓದಲು ಬರುತ್ತದೆ, ಆದರೆ ಬೆರಳಿಟ್ಟು ನಿಧಾನ. ಮಾತುಗಳನ್ನೆಲ್ಲ ಕಲಿತದ್ದು ಕಿವಿಯಿಂದ. ಪೇಟಿ (ಹಾರ್ಮೋನಿಯಂ) ಮಾಸ್ತರರು ಒಂದು ಸಲ ಓದಿ ಹೇಳುವುದು, ಇವರು ಎರಡನೇ ಸಲಕ್ಕೆ ಒಪ್ಪಿಸುವುದು. ಈ ಸಂಗತಿ ನೆನಪಿರಲಿ, ಮುಂದಿನ ಇಡೀ ಪ್ರಕರಣ ಇದರ ಮೇಲೆ ನಿಂತಿದೆ.

ಕಂಪನಿಯ ಆರ್ಥಿಕತೆ ಒಂದು ಬಗೆಯ ಗಂಟು. ಹಂಗಾಮಿನ ಆರಂಭದಲ್ಲಿ ಮಾಲೀಕರು ಕಲಾವಿದರಿಗೆ ಅಡ್ವಾನ್ಸ್ ಕೊಡುತ್ತಾರೆ, ಅದು ತೀರುವವರೆಗೆ ಬೇರೆ ಕಂಪನಿಗೆ ಹೋಗುವಂತಿಲ್ಲ. ಅದು ತೀರುವ ಹೊತ್ತಿಗೆ ಮಗುವಿಗೆ ಜ್ವರವೋ, ತಂಗಿಯ ಮದುವೆಯೋ ಬಂದು ಇನ್ನೊಂದು ಅಡ್ವಾನ್ಸ್ ಆಗಿರುತ್ತದೆ. ಅಕ್ಕ ಹೀಗೆ ಒಂದೇ ಕಂಪನಿಯಲ್ಲಿ ಹನ್ನೊಂದು ವರ್ಷ ಇದ್ದರು. ಬನದ ಹುಣ್ಣಿಮೆಗೆ ಬಾದಾಮಿ ಪಕ್ಕದ ಬನಶಂಕರಿ ಜಾತ್ರೆ ಶುರುವಾದರೆ ಸಾಲಾಗಿ ತಗಡಿನ ಥೇಟರುಗಳು ಏಳುತ್ತವೆ. ದಿನಕ್ಕೆ ಎರಡು ಮೂರು ಆಟ, ಕೊನೆಯದು ಮುಗಿಯುವಾಗ ಕೋಳಿ ಕೂಗಿರುತ್ತದೆ. ಪಕ್ಕದ ಥೇಟರಿನ ಹಾಡು ತಮ್ಮ ಮಾತಿನ ಮೇಲೆ ಬೀಳದಂತೆ ದನಿ ಎತ್ತುವುದೇ ಅಲ್ಲಿ ಮೊದಲ ಪಾಠ.

ತೊಂಬತ್ತರ ದಶಕದಲ್ಲಿ ಮನೆಮನೆಗೆ ಟಿವಿ ಬಂತು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ. ಕಂಪನಿಗಳು ಒಂದೊಂದಾಗಿ ಪರದೆ ಮಡಚಿದವು, ಉಳಿದವು ದ್ವಂದ್ವಾರ್ಥದ ಹಾಸ್ಯಕ್ಕೆ ಜೋತುಬಿದ್ದವು. ಅಕ್ಕ ಕಂಪನಿ ಬಿಟ್ಟು ಹಳ್ಳಿ ನಾಟಕಗಳಿಗೆ ಇಳಿದರು. ಇದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಲೋಕ. ಊರಿನ ಹುಡುಗರು ಎರಡು ಮೂರು ತಿಂಗಳು ತಾಲೀಮು ಮಾಡಿರುತ್ತಾರೆ, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಇವರು ಅಂದು ಸಂಜೆ ಬಸ್ಸಿಳಿದು, ಮಾಸ್ತರರ ಜೊತೆ ಹಾಡಿನ ಶ್ರುತಿ ನೋಡಿಕೊಂಡು, ರಾತ್ರಿ ಹತ್ತಕ್ಕೆ ರಂಗಕ್ಕೆ ಬರುತ್ತಾರೆ. ನಾಯಕ ಯಾರೆಂಬುದು ಮೊದಲ ದೃಶ್ಯದಲ್ಲೇ ಗೊತ್ತಾಗುವುದು. ಹಳ್ಳಿಗಳಲ್ಲಿ ತಿರುಗಿ ತಿರುಗಿ ಬರುವ ನೂರಾರು ಸಾಮಾಜಿಕ ನಾಟಕಗಳ ತಾಯಿ, ಅತ್ತಿಗೆ, ಸವತಿ ಪಾತ್ರಗಳು ಇವರ ಬಾಯಲ್ಲಿ ಸದಾ ಸಿದ್ಧವಿರಬೇಕು. ಅಕ್ಕನಿಗೆ ನೂರಾನಲವತ್ತು ನಾಟಕ ಬಾಯಿಪಾಠ ಇತ್ತು. ಡೈರಿಯಲ್ಲಿ ಎಣಿಸಿ ನೋಡಿದ್ದೇನೆ.

ಬೆಂಗಳೂರು

2013ರಲ್ಲಿ ಮಗನ ಕೆಲಸದ ನೆಪದಲ್ಲಿ ಬೆಂಗಳೂರಿಗೆ ಬಂದರು. ಎರಡು ವರ್ಷ ಜಾತ್ರೆಯಲ್ಲಿ ಬೈಯುವ ಮುದುಕಿ, ಆಸ್ಪತ್ರೆಯ ಆಯಾ ಹೀಗೆ ಒಂದೊಂದು ದಿನದ ಪಾತ್ರ. 2015ರಲ್ಲಿ ಉತ್ತರ ಕರ್ನಾಟಕದ ಮನೆತನದ ಕಥೆ ಇರುವ ಧಾರಾವಾಹಿಯೊಂದಕ್ಕೆ ಅತ್ತೆಯ ಪಾತ್ರ ಸಿಕ್ಕಿತು. ತಿಂಗಳಿಗೆ ಹನ್ನೆರಡರಿಂದ ಹದಿನಾಲ್ಕು ದಿನ, ದಿನಕ್ಕೆ 3,000 ರೂಪಾಯಿ, ಹಣ ಕೈಗೆ ಬರುವುದು ಮೂರು ತಿಂಗಳ ಮೇಲೆ. ಇಂಗ್ಲಿಷಿನಲ್ಲಿದ್ದ ಅಗ್ರಿಮೆಂಟಿಗೆ, ಕಲಾವಿದರನ್ನು ಒದಗಿಸುವ ಕೋ-ಆರ್ಡಿನೇಟರ್ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದರು. 'ಇನ್ಮೇಲೆ ಹೊರಗೆಲ್ಲೂ ಮಾಡೋ ಹಾಗಿಲ್ಲ ಅಮ್ಮಾ' ಎಂದು ಆತ ಹೇಳಿದ. ಅಕ್ಕ ಅದನ್ನು ಹಳ್ಳಿ ನಾಟಕಕ್ಕೂ ಸೇರಿಸಿ ಅರ್ಥ ಮಾಡಿಕೊಂಡರು.

ಸೆಟ್ಟಿನಲ್ಲಿ ಮೊದಲ ತಿಂಗಳು ದನಿಯ ಜಗಳ. ಕೊನೆಯ ಸಾಲಿನ ಬೀಡಿ ಸೇದುವವನಿಗೂ ಕೇಳಬೇಕೆಂದು ಕಟ್ಟಿದ ದನಿ ಅದು. 'ಕಮ್ಮಿ ಮಾಡಿ ಅಮ್ಮಾ, ಕಮ್ಮಿ ಮಾಡಿ' ಎನ್ನುವುದು ದಿನಕ್ಕೆ ಐವತ್ತು ಸಲ. ಇಳಿಸಿದರು. ಹುಬ್ಬು, ತುಟಿ, ಕೈ ಎಲ್ಲವನ್ನೂ ಇಳಿಸಿದರು. ಅತ್ತೆಯ ಪಾತ್ರ ಜನಕ್ಕೆ ಹಿಡಿಸಿತು. ಗುರುವಾರ ಗುರುವಾರ ಬರುವ ಟಿಆರ್‌ಪಿಯಲ್ಲಿ ಅವರ ದೃಶ್ಯವಿದ್ದ ವಾರ ಏರಿದೆ ಎಂದು ಒಮ್ಮೆ ನಿರ್ದೇಶಕರೇ ಸಿಹಿ ಹಂಚಿದರಂತೆ.

ಇನ್ನೊಂದು ಬದಲಾವಣೆಯನ್ನು ಮಾತ್ರ ಯಾರೂ ಗಮನಿಸಲಿಲ್ಲ. ನಮ್ಮ ಬಹಳಷ್ಟು ಧಾರಾವಾಹಿಗಳಲ್ಲಿ ಪ್ರಾಂಪ್ಟಿಂಗ್, ಅಂದರೆ ಮಾತು ಎತ್ತಿಕೊಡುವುದು, ನಡೆಯುತ್ತದೆ. ಸೀನ್ ಪೇಪರ್ ಬರುವುದೇ ಬೆಳಿಗ್ಗೆ, ಕೆಲವೊಮ್ಮೆ ಮಧ್ಯಾಹ್ನ. ಕ್ಯಾಮೆರಾದ ಪಕ್ಕ ನಿಂತ ಸಹಾಯಕ ನಿರ್ದೇಶಕ ಸಾಲನ್ನು ಓದುತ್ತಾನೆ, ಕಲಾವಿದೆ ಅದನ್ನು ಭಾವ ಹಚ್ಚಿ ಹೇಳುತ್ತಾಳೆ. ನಡುವಿನ ಸಂದು ಎಡಿಟಿಂಗಿನಲ್ಲಿ ಹೋಗುತ್ತದೆ, ದನಿಯನ್ನು ಆಮೇಲೆ ಡಬ್ಬಿಂಗಿನಲ್ಲಿ ಕೂರಿಸುತ್ತಾರೆ. ದಿನಕ್ಕೊಂದು ಎಪಿಸೋಡ್ ಮುಗಿಸಬೇಕಾದ ಕಡೆ ಇದು ಇಲ್ಲದೆ ನಡೆಯುವುದೂ ಕಷ್ಟ. ಕಿವಿಯಿಂದಲೇ ಕಲಿತ ಅಕ್ಕನಿಗೆ ಇದು ಸ್ವರ್ಗ. ಉಳಿದವರು ಎರಡು ಮೂರು ಟೇಕ್ ತೆಗೆದುಕೊಂಡರೆ ಇವರದು ಒಂದೇ. 'ಒನ್ ಟೇಕ್ ಅಮ್ಮ' ಎಂಬ ಹೆಸರೇ ಬಿತ್ತು.

ಕಂಪನಿ ನಾಟಕದಲ್ಲೂ ಪ್ರಾಂಪ್ಟರ್ ಇರುತ್ತಾನಲ್ಲ ಎಂದು ನೀವು ಕೇಳಬಹುದು. ಇರುತ್ತಾನೆ, ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು. ಆದರೆ ಆತ ಕೊಡುವುದು ಮೊದಲ ಪದ ಮಾತ್ರ, ಅದೂ ನಟ ತಡವರಿಸಿದಾಗ. ಬಾವಿಗೆ ಬಿದ್ದವನಿಗೆ ಹಗ್ಗ ಎಸೆದ ಹಾಗೆ. ಇಲ್ಲಿ ನೀರನ್ನೇ ಸೇದಿ ಬಾಯಿಗೆ ಹಾಕುತ್ತಾರೆ.

ಲೆಕ್ಕ

ನನ್ನ ಬಳಿ ಅವರು ಬಂದದ್ದು 2017ರ ಜುಲೈಯಲ್ಲಿ, ಇನ್ನೊಬ್ಬ ಕಲಾವಿದರ ಜೊತೆ, ಸುಮ್ಮನೆ. ಚೀಲದಲ್ಲಿ ಐದು ಡೈರಿ ಇದ್ದವು. ಬಂದದ್ದು, ಹೋದದ್ದು, ಯಾವ ಸೀರೆ ಯಾವ ದೃಶ್ಯಕ್ಕೆ ಉಟ್ಟದ್ದು ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದರು. ಕಲಾವಿದರಲ್ಲಿ ಇಂಥ ಶಿಸ್ತು ನಾನು ಕಂಡದ್ದು ಕಡಿಮೆ. ಕಂಪನಿಯಲ್ಲಿ ಅಡ್ವಾನ್ಸ್ ಲೆಕ್ಕ ತಪ್ಪದಿರಲಿ ಎಂದು ತಾಯಿ ಕಲಿಸಿದ ಅಭ್ಯಾಸವಂತೆ.

ಮೊದಲ ವರ್ಷದ ಒಂದು ತಿಂಗಳನ್ನು ತೆಗೆದುಕೊಂಡೆ. 13 ದಿನ, 39,000 ರೂಪಾಯಿ. ಪ್ಯಾನ್ ಕಾರ್ಡ್ ಇಲ್ಲದ್ದರಿಂದ ಟಿಡಿಎಸ್ (ಹಣ ಕೊಡುವವರೇ ಮೊದಲು ಕಡಿಯುವ ತೆರಿಗೆ) ಶೇಕಡಾ 10ರ ಬದಲು 20 ಕಡಿತ, 7,800 ಹೋಯಿತು. ಕೋ-ಆರ್ಡಿನೇಟರ್ ಕಮಿಷನ್ 3,900. ಸೀರೆ, ಬ್ಲೌಸ್ ಹೊಲಿಗೆ, ಸರ ಬಳೆ ಎಲ್ಲ ಕಲಾವಿದೆಯದೇ ಖರ್ಚು. ಒಂದೇ ಸೀರೆ ಎರಡು ವಾರದೊಳಗೆ ಮತ್ತೆ ಕಾಣುವಂತಿಲ್ಲ, ಶ್ರೀಮಂತ ಅತ್ತೆ ಬೇರೆ. ಅದಕ್ಕೆ 7,000. ಮನೆ ಬಾಡಿಗೆಯಲ್ಲಿ ಅವರ ಪಾಲು 7,500. ಉಳಿದದ್ದು 12,800, ಅದೂ ಮೂರು ತಿಂಗಳ ಮೇಲೆ.

ಪ್ಯಾನ್ ಇಲ್ಲದೆ ಎಂಟು ತಿಂಗಳು ಕಡಿತವಾದ 62,400 ರೂಪಾಯಿ ಅವರ ಹೆಸರಿಗೆ ಎಲ್ಲೂ ಕಾಣಲಿಲ್ಲ. ಪ್ಯಾನ್ ಕೊಟ್ಟಿದ್ದರೆ ತೆರಿಗೆ ಕಡಿತದ ಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ಬರುತ್ತಿತ್ತು, ರಿಟರ್ನ್ ತುಂಬಿ ವಾಪಸ್ ಪಡೆಯಬಹುದಿತ್ತು. ಕಡಿತ ಮಾಡಿದವರು ತಮ್ಮ ವಿವರ ತಿದ್ದಿ ಸಲ್ಲಿಸಿದರೆ ದಾರಿ ಇತ್ತು, ಆದರೆ ಅಷ್ಟರಲ್ಲಿ ನಿರ್ಮಾಣದ ಕೈ ಬದಲಾಗಿತ್ತು. ಆ ಹಣ ಹೋಯಿತು. ಪ್ಯಾನ್ ಬಂದ ನಂತರದ ವರ್ಷಗಳದು ಸುಲಭ. ನಟನೆಯಿಂದ ಬಂದದ್ದನ್ನು ಆಗಿನ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಸೆಕ್ಷನ್ ಅಡಿಯಲ್ಲಿ ತೋರಿಸಿದೆವು, ಅದರಂತೆ ಬಂದದ್ದರ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕಿತ್ತು. ವರ್ಷಕ್ಕೆ ಬಂದ 4,68,000ದ ಅರ್ಧ 2,34,000, ಆಗಿನ ಎರಡೂವರೆ ಲಕ್ಷದ ಮಿತಿಯ ಒಳಗೆ. ಕಡಿತವಾದ 46,800 ಪೂರ್ತಿ ವಾಪಸ್ ಬಂತು. ಅಕ್ಕ ಅದನ್ನು ಸರಕಾರದ ಆಯೇರಿ (ಉಡುಗೊರೆ) ಎಂದು ಕರೆದರು.

ನನ್ನ ಕಣ್ಣು ನಿಂತದ್ದು ಡೈರಿಯ ಹಿಂಬದಿಯ ಪುಟಗಳ ಮೇಲೆ. ಅಲ್ಲಿ ಬೇಡ ಎಂದು ಹೇಳಿದ ಹಳ್ಳಿ ನಾಟಕಗಳ ಪಟ್ಟಿ ಇತ್ತು. ಬೆಂಗಳೂರಿಗೆ ಬರುವ ಮೊದಲು ಅವರ ದರ ರಾತ್ರಿಗೆ 4,000. 'ಟಿವಿ ಅತ್ತಿ' ಆದ ಮೇಲೆ ಊರಿನವರು ತಾವಾಗಿಯೇ 9,000 ಹೇಳುತ್ತಿದ್ದರು. ಒಂದೇ ಹಂಗಾಮಿನಲ್ಲಿ 31 ಕರೆಗಳನ್ನು ಬಿಟ್ಟಿದ್ದರು. ಲೆಕ್ಕಕ್ಕೆ 2,79,000 ರೂಪಾಯಿ. ಆ ವರ್ಷ ಧಾರಾವಾಹಿಯಿಂದ ಖರ್ಚು ಕಳೆದು, ತೆರಿಗೆ ವಾಪಸ್ ಸೇರಿಸಿ ಉಳಿದದ್ದು 2,47,000ದ ಆಸುಪಾಸು. ಮೂವತ್ತೊಂದೂ ಮಾಡಲು ಆಗುತ್ತಿರಲಿಲ್ಲ, ಬಸ್ಸು ರೈಲಿನ ಖರ್ಚೂ ಇದೆ, ಒಪ್ಪುತ್ತೇನೆ. ಆದರೂ ಚಿತ್ರ ಸ್ಪಷ್ಟ. ಟಿವಿ ಅವರಿಗೆ ಕೊಟ್ಟ ದೊಡ್ಡ ಸಂಬಳವೆಂದರೆ ಹಳ್ಳಿಯಲ್ಲಿ ಏರಿದ ಅವರ ದರ, ಆ ದರವನ್ನು ವಸೂಲು ಮಾಡುವ ರಾತ್ರಿಗಳನ್ನೇ ಟಿವಿ ತೆಗೆದುಕೊಂಡಿತ್ತು.

ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. 'ಮಳಿಗಾಲದಾಗ ಯಾವ ಊರಾಗ ನಾಟಕ ಹಚ್ಚತಾರ, ತಮ್ಮಾ?' ಎಂದರು. ಸರಿಯಾದ ಮಾತು. ಹಳ್ಳಿ ನಾಟಕದ ಹಂಗಾಮು ಸುಗ್ಗಿ ಮುಗಿದ ಮೇಲೆ ಶುರುವಾಗಿ ಮಳೆ ಹಿಡಿಯುವವರೆಗೆ. ಧಾರಾವಾಹಿಯ ಹಣ ಕಡಿಮೆಯಾದರೂ ಆಷಾಢದಲ್ಲೂ ಬರುತ್ತದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಒಂದನೇ ತಾರೀಕಿಗೆ ಸಂಬಳ ಎಣಿಸಿದ ನನಗೆ ಇದು ಹೊಳೆದಿರಲಿಲ್ಲ.

ಆ ರಾತ್ರಿ

2018ರ ಫೆಬ್ರವರಿಯಲ್ಲಿ ಅಕ್ಕ ಸೆಟ್ಟಿಗೆ ಸಂಬಂಧಿಕರೊಬ್ಬರ ತಿಥಿ ಇದೆ ಎಂದು ಹೇಳಿ ಎರಡು ದಿನ ರಜೆ ಪಡೆದು, ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರು. ಮಲಪ್ರಭೆಯ ದಂಡೆಯ ಒಂದು ಊರು. ಮೂರು ವರ್ಷದ ನಂತರದ ಮೊದಲ ನಾಟಕ. ಕರಪತ್ರದಲ್ಲಿ ಇವರ ಹೆಸರಿಗಿಂತ ಧಾರಾವಾಹಿಯ ಹೆಸರು ದೊಡ್ಡದು. ಪಾತ್ರ ವಿಧವೆ ತಾಯಿಯದು. ಮುನ್ನೂರಕ್ಕೂ ಹೆಚ್ಚು ಸಲ ಮಾಡಿದ್ದು.

ಮೊದಲ ಅಂಕ ಸರಾಗವಾಗಿ ಹೋಯಿತು, ಏಕೆಂದರೆ ಅಲ್ಲಿ ಹಾಡು ಹೆಚ್ಚು. ಎರಡನೇ ಅಂಕದಲ್ಲಿ ಹಿರಿಯ ಮಗ ಮನೆ ಪಾಲು ಕೇಳುತ್ತಾನೆ, ತಾಯಿ ಉತ್ತರ ಕೊಡಬೇಕು. ಹಳ್ಳಿಯ ಹುಡುಗ ತನ್ನ ಮಾತು ಮುಗಿಸಿದ. ಅಕ್ಕ ಸುಮ್ಮನೆ ನಿಂತರು. ಹುಡುಗ ಇನ್ನೊಮ್ಮೆ ಹೇಳಿದ. ಅಕ್ಕ ಅವನ ಕಡೆ ನೋಡುತ್ತಿದ್ದಾರೆ, ಕಣ್ಣಲ್ಲಿ ನೀರು ಕೂಡ ತುಂಬಿದೆ, ಮಾತಿಲ್ಲ. ಹಿಂದಿನಿಂದ ಸಿಳ್ಳೆ ಬಿತ್ತು. ಪೇಟಿ ಮಾಸ್ತರರು ಹಳೆಯ ಹುಲಿ, ಅಂಕದ ಕೊನೆಗೆ ಬರಬೇಕಾದ ಹಾಡಿನ ಸ್ವರ ಹಿಡಿದುಬಿಟ್ಟರು. ಹಾಡು ಬಂದ ಕೂಡಲೇ ಅಕ್ಕ ಎಚ್ಚರಾದರು. ನಾಟಕ ದಡ ಸೇರಿತು. ಬೆಳಿಗ್ಗೆ ಊರಿನ ಹಿರಿಯರು ಪೂರ್ತಿ ಹಣ ಎಣಿಸಿ ಕೊಟ್ಟರು, ಇವರು ಅರ್ಧ ಅಲ್ಲೇ ಇಟ್ಟು ಬಂದರು.

ಬೆಂಗಳೂರಿಗೆ ಬಂದು ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತರು. ನಾನು ಮಾಡಿದ ತಪ್ಪನ್ನೂ ಇಲ್ಲಿ ಬರೆಯಬೇಕು. ನನಗೆ ತಕ್ಷಣ ತೋಚಿದ್ದು ವಯಸ್ಸು, ಮರೆವು, ಆಸ್ಪತ್ರೆ. ನನ್ನ ತಾಯಿ ಮರೆವಿನ ಕಾಯಿಲೆಯಲ್ಲಿ ಹೋದವರು, ಆ ಭಯ ನನ್ನದು. ಅದನ್ನು ಅವರ ತಲೆಗೂ ಕಟ್ಟಿದೆ. ವೈದ್ಯರು ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಮೂರು ವಾರ ಆ ಹೆಣ್ಣುಮಗಳು ಭಯದಲ್ಲಿ ಬದುಕಿದ್ದು ನನ್ನಿಂದ.

ಆಮೇಲೆ ಅವರೇ ವಿಷಯ ಬಿಡಿಸಿದರು: 'ನಾ ಮರ್ತಿದ್ದಿಲ್ಲ, ತಮ್ಮಾ. ಮಾತು ಒಳಗ ಇತ್ತು. ಯಾರರ ಹೇಳ್ತಾರ ಅಂತ ಕಾಯಕೋಂತ ನಿಂತಿದ್ದೆ.'

ಪ್ರಕರಣ ತಿರುಗಿದ್ದು ಈ ಮಾತಿನಲ್ಲಿ. ಮೂರು ವರ್ಷ, ತಿಂಗಳಿಗೆ ಹದಿಮೂರು ದಿನ, ದಿನಕ್ಕೆ ನೂರಾರು ಸಲ ಅವರ ಕಿವಿಗೆ ಒಂದೇ ಪಾಠ ಆಗಿತ್ತು: ಎದುರಿನವನು ಮಾತು ಮುಗಿಸುತ್ತಾನೆ, ನೀನು ಕಾಯಬೇಕು, ಪಕ್ಕದಿಂದ ದನಿ ಬರುತ್ತದೆ, ಆಗ ಮಾತಾಡಬೇಕು. ಕಾಯುವುದೂ ಒಂದು ತಾಲೀಮು. ಅದನ್ನು ಅವರು ಬೇರೆ ಯಾರಿಗಿಂತ ಚೆನ್ನಾಗಿ ಕಲಿತಿದ್ದರು, ಏಕೆಂದರೆ ಅವರ ಕಿವಿ ಬೇರೆ ಯಾರಿಗಿಂತ ಚುರುಕು. ಒನ್ ಟೇಕ್ ಅಮ್ಮ ಎಂಬ ಬಿರುದನ್ನೂ ಈ ನಿಂತುಹೋಗುವಿಕೆಯನ್ನೂ ಅವರಿಗೆ ಕೊಟ್ಟದ್ದು ಅದೇ ಕಿವಿ. ಓದಿ ಕಲಿಯುವ ನಟರಿಗೆ ಇಷ್ಟು ಪೆಟ್ಟು ಬೀಳುವುದಿಲ್ಲವೇನೋ. ತಾಲೀಮು ಕೋಣೆಯಲ್ಲಿ ಓದಿ ಕಲಿತು ಬಂದ ನನ್ನ ಇಬ್ಬರು ಗೆಳೆಯರು ಧಾರಾವಾಹಿಯನ್ನೂ ಬೆಂಗಳೂರಿನ ರಂಗಶಂಕರ ರಂಗಮಂದಿರದ ಪ್ರದರ್ಶನವನ್ನೂ ಒಟ್ಟಿಗೆ ಮಾಡುತ್ತಾರೆ, ಅವರಿಗೆ ಈ ತೊಂದರೆ ಆಗಿಲ್ಲ.

ಮಾಡಿ ನೋಡಿದ್ದು

ಮೊದಲು ಅಗ್ರಿಮೆಂಟ್ ತರಿಸಿ ಓದಿದೆ. ಒಂಬತ್ತು ಪುಟ. ಬೇರೆ ವಾಹಿನಿಯ ಧಾರಾವಾಹಿ, ರಿಯಾಲಿಟಿ ಶೋ ಮಾಡಬಾರದು ಎಂದಿತ್ತು. ಕೇಳಿದ ದಿನಗಳನ್ನು ಕೊಡಬೇಕು ಎಂದಿತ್ತು. ನಾಟಕದ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಮೂರು ವರ್ಷ ಅವರು ಇಲ್ಲದ ನಿಯಮವೊಂದನ್ನು ಪಾಲಿಸಿದ್ದರು, ಅದಕ್ಕಾಗಿ ತಿಥಿಯ ಸುಳ್ಳು ಬೇರೆ ಹೇಳಿದ್ದರು. ಕೋ-ಆರ್ಡಿನೇಟರ್ ಬೇಕೆಂದೇ ಹೇಳಿದನೆಂದು ನನಗೆ ಅನಿಸುವುದಿಲ್ಲ, ಡೇಟ್ಸ್ ಗೊಂದಲ ಆಗದಿರಲಿ ಎಂಬ ಮುನ್ನೆಚ್ಚರಿಕೆ ಇರಬಹುದು. ಆದರೂ ಸಹಿ ಹಾಕುವ ಕಾಗದವನ್ನು ಬೇರೆ ಯಾರಾದರೂ ಒಬ್ಬರು ಕನ್ನಡದಲ್ಲಿ ಓದಿ ಹೇಳಿದ್ದರೆ ಸಾಕಿತ್ತು.

ಎರಡನೆಯದಾಗಿ, ಮಾತುಗಳನ್ನು ಹಿಂದಿನ ದಿನ ಕೊಡಿ, ಪ್ರಾಂಪ್ಟಿಂಗ್ ಇಲ್ಲದೆ ಮಾಡುತ್ತೇನೆ ಎಂದು ಅಕ್ಕ ಕೇಳಿಕೊಂಡರು. ಸಹಾಯಕ ನಿರ್ದೇಶಕ ಒಳ್ಳೆಯ ಹುಡುಗ, ವಾಟ್ಸ್ಆ್ಯಪಿನಲ್ಲಿ ಓದಿ ದನಿ ಕಳಿಸಲು ಒಪ್ಪಿದ. ಹತ್ತು ದಿನದಲ್ಲಿ ಮೂರು ದಿನ ಮಾತ್ರ ಸಾಧ್ಯವಾಯಿತು, ಉಳಿದ ದಿನ ದೃಶ್ಯವೇ ಬರೆದಿರಲಿಲ್ಲ. ಸಾಧ್ಯವಾದ ದಿನಗಳಲ್ಲಿ ಇನ್ನೊಂದು ಫಜೀತಿ. ಇವರು ತಡೆಯಿಲ್ಲದೆ ಮಾತಾಡಿದರೆ ಎದುರಿಗಿರುವ ಸೊಸೆಗೆ ತನ್ನ ಸರದಿ ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಆ ಹುಡುಗಿಗೆ ಮೂರು ಟೇಕ್ ಹೆಚ್ಚಾದವು, ಮೇಕಪ್ ಕೋಣೆಯಲ್ಲಿ ಮುಖ ಊದಿಸಿಕೊಂಡಳು. ಎರಡು ವಾರಕ್ಕೆ ಆ ಪ್ರಯೋಗ ಬಿಟ್ಟರು. ಒಂದು ವ್ಯವಸ್ಥೆಯೊಳಗೆ ಒಬ್ಬರು ಮಾತ್ರ ಬದಲಾದರೆ ಹೊರೆ ಪಕ್ಕದವರ ಹೆಗಲಿಗೆ ಬೀಳುತ್ತದೆ.

ಮೂರನೆಯದು ಅವರದೇ ಯೋಚನೆ, ಫಲ ಕೊಟ್ಟದ್ದೂ ಅದೇ. ಶೂಟಿಂಗ್ ಇಲ್ಲದ ದಿನ ಬೆಳಿಗ್ಗೆ ಐದಕ್ಕೆ ಎದ್ದು ತಾರಸಿಯ ಮೇಲೆ ಒಂದು ಹಳೆಯ ನಾಟಕದ ಪಾತ್ರವನ್ನು ಪೂರ್ತಿ, ಎತ್ತಿದ ದನಿಯಲ್ಲಿ ಹೇಳುವುದು. ಎದುರಿನ ಪಾತ್ರದ ಮಾತನ್ನೂ ತಾವೇ ಹೇಳಿ, ಉಸಿರು ಬಿಡದೆ ತಮ್ಮ ಮಾತಿಗೆ ಹಾರುವುದು. ಕಾಯುವ ಸಂದನ್ನೇ ಮುಚ್ಚುವ ತಾಲೀಮು. ನಾಲ್ಕನೇ ದಿನ ಕೆಳಗಿನ ಮನೆಯವರು ಜಗಳ ನಡೆಯುತ್ತಿದೆ ಎಂದು ಮೇಲೆ ಓಡಿ ಬಂದರು. 'ನನ್ನ ಮಗನೇ ನನ್ನ ಎದೆಗೆ ಒದ್ದನೇ!' ಎಂದು ಬೆಳಗಿನ ಜಾವ ಕೂಗಿದರೆ ಯಾರು ತಾನೇ ಬರುವುದಿಲ್ಲ. ಆಮೇಲೆ ಪಕ್ಕದ ಪಾರ್ಕಿಗೆ ಹೋದರು, ವಾಕಿಂಗಿನವರಿಗೆ ಅಭ್ಯಾಸವಾಯಿತು.

ಡೇಟ್ಸ್ ವಿಷಯದಲ್ಲಿ ನೇರವಾಗಿ ಮಾತಾಡಿದೆವು. ಸುಳ್ಳು ಬೇಡ, ಜನವರಿಯಿಂದ ಮೇವರೆಗೆ ತಿಂಗಳಿಗೆ ಆರು ರಾತ್ರಿ ನಾಟಕಕ್ಕೆ, ಮೊದಲೇ ತಾರೀಕು ಕೊಡುತ್ತೇವೆ, ಅಷ್ಟರೊಳಗೆ ಎಪಿಸೋಡ್ ಬ್ಯಾಂಕ್ ಮಾಡಿಕೊಳ್ಳಿ, ಅಂದರೆ ಮುಂಚಿತವಾಗಿ ಶೂಟ್ ಮಾಡಿಟ್ಟುಕೊಳ್ಳಿ ಎಂದು. ನಿರ್ಮಾಪಕರು ಅರ್ಧ ಗಂಟೆ ಗೊಣಗಿ ನಾಲ್ಕಕ್ಕೆ ಒಪ್ಪಿದರು. ಕೇಳಿದರೆ ಸಿಗುತ್ತದೆ ಎಂಬುದು ಅಕ್ಕನಿಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಅಡ್ವಾನ್ಸಿನ ಲೋಕದಿಂದ ಬಂದವರಿಗೆ ಮಾಲೀಕರನ್ನು ಕೇಳುವುದೆಂದರೆ ಸಾಲ ಕೇಳುವುದು ಎಂದೇ ಅರ್ಥ.

2018ರ ಕೊನೆಗೆ ಮತ್ತೆ ರಂಗ ಹತ್ತಿದರು. ಬೇರೆ ಊರು, ಅದೇ ಪಾತ್ರ. ಎರಡನೇ ಅಂಕದಲ್ಲಿ ನಾನೂ ಸಭೆಯಲ್ಲಿದ್ದೆ. ಮಗ ಪಾಲು ಕೇಳಿ ಬಾಯಿ ಮುಚ್ಚುವ ಮೊದಲೇ ತಾಯಿಯ ಉತ್ತರ ಬಂತು. ತುಸು ಹೆಚ್ಚೇ ಅವಸರವಾಯಿತು ಎಂದು ನನಗನಿಸಿತು. ಹೇಳಲಿಲ್ಲ.

ಮಾಲೆ ಹಾಕಿದ ಫೋಟೋ

2019ರ ಬೇಸಿಗೆಯಲ್ಲಿ ಸೆಟ್ಟಿನ ಕಲಾ ವಿಭಾಗದ ಹುಡುಗನೊಬ್ಬ ಬಂದು 'ಅಮ್ಮಾ, ನಿಮ್ದೊಂದು ಒಳ್ಳೆ ಫೋಟೋ ಬೇಕಿತ್ತು, ದೊಡ್ಡದು ಮಾಡಿಸ್ಬೇಕು' ಎಂದ. ಯಾಕಪ್ಪಾ ಎಂದರೆ ತಡವರಿಸಿದ. ಕಥೆ ಐದು ವರ್ಷ ಮುಂದಕ್ಕೆ ಹಾರುತ್ತಿತ್ತು, ಅತ್ತೆ ಆ ನಡುವೆ ತೀರಿಕೊಂಡಿರುತ್ತಾಳೆ, ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋ ಬೇಕು. ತಮ್ಮ ಪಾತ್ರದ ಸಾವು ಅಕ್ಕನಿಗೆ ತಿಳಿದದ್ದು ಹೀಗೆ. ಟಿವಿಯಲ್ಲಿ ಇದು ದಿನವೂ ನಡೆಯುವಂಥದ್ದು, ಯಾರದೂ ದುರುದ್ದೇಶವಲ್ಲ. ಹೇಳಬೇಕಾದವರು ಇನ್ನೊಬ್ಬರು ಹೇಳಿರುತ್ತಾರೆ ಎಂದುಕೊಂಡಿರುತ್ತಾರೆ.

ಒಂದು ವರ್ಷ ಮೊದಲು ಇದು ಆಗಿದ್ದರೆ ಅವರು ಕುಸಿಯುತ್ತಿದ್ದರು. ಫೋಟೋ ಕೇಳಿದ ಹೊತ್ತಿಗೆ ಕೈಯಲ್ಲಿ ಮುಂದಿನ ಹಂಗಾಮಿನ ಹದಿನಾರು ತಾರೀಕುಗಳಿದ್ದವು. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಗೋಡೆಯ ಮೇಲೆ ದಿನಾ ಕಾಣುವ ಫೋಟೋಗೆ ದಿನಗೂಲಿ ಇದೆಯೇ? ಇಲ್ಲ. ಅಗ್ರಿಮೆಂಟಿನ ಏಳನೇ ಪುಟದಲ್ಲಿ ಅವರ ಚಿತ್ರ ಬಳಸುವ ಹಕ್ಕು ಕೊಟ್ಟಾಗಿತ್ತು.

ಅತ್ತೆ ಸತ್ತ ಮೇಲೂ ಸೆಟ್ಟಿನಿಂದ ಫೋನ್ ಬರುವುದು ನಿಲ್ಲಲಿಲ್ಲ. ಮೊದಲಿನಿಂದಲೂ ಅಕ್ಕ ಒಂದು ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದರು. ಬೆಂಗಳೂರಿನಲ್ಲಿ ಬರೆದ 'ಉತ್ತರ ಕರ್ನಾಟಕದ' ಮಾತುಗಳನ್ನು ತಿದ್ದಿ ಬಾಯಿಗೆ ಕೂರಿಸುವುದು. ಪ್ರತಿ ವಾಕ್ಯದ ಕೊನೆಗೆ 'ಐತ್ರೀ' ಹಚ್ಚಿದರೆ ನಮ್ಮ ಭಾಷೆ ಆಯಿತು ಎಂದುಕೊಂಡವರು ಬಹಳ. ಸೊಸೆ ಅತ್ತೆಗೆ ಹೇಗೆ ಅನ್ನಬೇಕು, ಸಿಟ್ಟು ಬಂದಾಗ ಬಹುವಚನ ಎಲ್ಲಿ ಬೀಳುತ್ತದೆ, ಬಾಗಲಕೋಟೆಯ ಮುದುಕಿಗೂ ಧಾರವಾಡದ ಮಾಸ್ತರನಿಗೂ ಏನು ವ್ಯತ್ಯಾಸ, ಇದೆಲ್ಲ ಅಕ್ಕನಿಗೆ ರಕ್ತದಲ್ಲಿ ಬಂದದ್ದು. ಈಗ ಅವರಿಲ್ಲದೆ ಮಾತು ಹಾಳಾಗುತ್ತಿತ್ತು. 'ಅಮ್ಮಾ, ಈ ಸಾಲು ನಿಮ್ ಕಡೆ ಹೇಗಂತಾರೆ?' ಎಂದು ದಿನಕ್ಕೆ ಹತ್ತು ಸಲ ಫೋನ್. ಎರಡು ವಾರ ಹೇಳಿಕೊಟ್ಟರು. ಮೂರನೇ ವಾರ ಹೇಳಿದರು: 'ಹೇಳ್ತೀನಪ್ಪಾ. ಪುಟಕ್ಕ ಇಷ್ಟು ಅಂತ ಮಾಡ್ರಿ.'

ಈ ಮಾತನ್ನು ನಾನು ಹೇಳಿಕೊಟ್ಟದ್ದಲ್ಲ. ನಾಲ್ಕು ರಾತ್ರಿಯ ಡೇಟ್ಸ್ ಕೇಳಿ ಪಡೆದ ದಿನವೇ ಅದು ಮೊಳೆತಿರಬೇಕು. ಪುಟಕ್ಕೆ ದರ ನಿಗದಿಯಾಯಿತು, ಆಮೇಲೆ ತಿಂಗಳಿಗೆ ಒಂದು ಮೊತ್ತವಾಯಿತು. ಸೀರೆ ಬೇಡ, ಮೇಕಪ್ ಬೇಡ, ಬೆಳಗಿನ ಏಳರ ಗಾಡಿ ಬೇಡ. ಕೈಗೆ ಉಳಿಯುವ ಲೆಕ್ಕದಲ್ಲಿ ಅತ್ತೆಯಾಗಿದ್ದಾಗಿನ ಮುಕ್ಕಾಲು ಪಾಲು.

ಆಮೇಲೆ

2020ರ ಮಾರ್ಚಿನಲ್ಲಿ ಎರಡೂ ಒಟ್ಟಿಗೆ ನಿಂತವು, ಶೂಟಿಂಗೂ ಜಾತ್ರೆಯೂ. ಹಂಗಾಮಿನ ನಡುಮಧ್ಯ. ಹನ್ನೊಂದು ನಾಟಕ ಹೋದವು. ಆ ಬೇಸಿಗೆಯಲ್ಲಿ ಹಿಂದಿಯ ಪೌರಾಣಿಕ ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗಿ ಬರತೊಡಗಿದಾಗ ದನಿ ಕೊಡಲು ಅಕ್ಕನನ್ನು ಕರೆದರು. ರಾಜಮಾತೆಯ ದನಿ. ದನಿ ಚಿನ್ನ, ಆದರೆ ಅಲ್ಲಿ ಬರೆದ ಮಾತನ್ನು ಪರದೆಯ ಮೇಲಿನ ತುಟಿಗೆ ಹೊಂದಿಸಿ ಅದೇ ವೇಗದಲ್ಲಿ ಓದಬೇಕು. ಬೆರಳಿಟ್ಟು ಓದುವವರಿಗೆ ಆಗಲಿಲ್ಲ. ಎರಡು ದಿನಕ್ಕೆ ಕೈಮುಗಿದು ಬಂದರು. ಆ ವರ್ಷ ನಡೆದದ್ದು ಹಿಂದಿನ ಎರಡು ಹಂಗಾಮಿನ ಉಳಿತಾಯದಿಂದ ಮತ್ತು ಫೋನಿನಲ್ಲೇ ನಡೆದ ಭಾಷೆ ತಿದ್ದುವ ಕೆಲಸದಿಂದ.

ಇಂಥವರ ಜೊತೆ ಕೆಲಸ ಮಾಡುವವರು ನನ್ನನ್ನು ಕೇಳುತ್ತಾರೆ, ಅವರು ಮೊದಲೇ ಏನು ಮಾಡಬೇಕಿತ್ತು ಎಂದು. ಪ್ಯಾನ್, ಅಗ್ರಿಮೆಂಟ್ ಇವೆಲ್ಲ ಒಂದು ಮಧ್ಯಾಹ್ನದ ಕೆಲಸ, ಅದರಲ್ಲಿ ಕಲಿಯಲು ಹೆಚ್ಚಿಲ್ಲ. ನಾನು ಹೊರಳಿ ಹೊರಳಿ ನೋಡುವುದು 2015ನ್ನು. ಆಗ ಅವರು ಧಾರಾವಾಹಿ ಒಪ್ಪಿದ್ದು ತಪ್ಪಲ್ಲ. ಅದಿಲ್ಲದಿದ್ದರೆ 9,000ದ ದರವೂ ಇಲ್ಲ, ಪುಟದ ದರವೂ ಇಲ್ಲ. ವರ್ಷಕ್ಕೆ ಐದಾರು ನಾಟಕವನ್ನಾದರೂ ಉಳಿಸಿಕೊಂಡಿದ್ದರೆ ಆ ಕಿವಿ ಎರಡೂ ಆಟದ ನಿಯಮ ನೆನಪಿಟ್ಟುಕೊಳ್ಳುತ್ತಿತ್ತು. ಪೂರ್ತಿ ಬಿಟ್ಟದ್ದು ಪೆಟ್ಟು ಕೊಟ್ಟಿತು. ಇದು ನನ್ನ ಊಹೆ. ಅಕ್ಕ ಒಪ್ಪುವುದಿಲ್ಲ, ಆ ರಾತ್ರಿ ನಿಂತುಹೋಗದಿದ್ದರೆ ತಾನು ಯಾವತ್ತೂ ಬಾಯಿ ತೆರೆದು ಕೇಳುತ್ತಿರಲಿಲ್ಲ ಎನ್ನುತ್ತಾರೆ.

2022ಕ್ಕೆ ಅವರಿಗೆ 58 ತುಂಬಿತು. ಕಷ್ಟದಲ್ಲಿರುವ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೊಡುವ ಮಾಸಾಶನಕ್ಕೆ ಆ ವಯಸ್ಸು ಆಗಿರಬೇಕು. ಕಲಾಸೇವೆಯ ದಾಖಲೆ ಬೇಕು. ಆರು ವರ್ಷದ ಧಾರಾವಾಹಿಗೆ ಕಾಗದ ಇದೆ. ನಲವತ್ತು ವರ್ಷದ ರಂಗಭೂಮಿಗೆ ಇರುವುದು ಕರಪತ್ರಗಳು, ಅವುಗಳಲ್ಲಿ ಒಂದರಲ್ಲಿ 'ಕುಮಾರಿ', ಇನ್ನೊಂದರಲ್ಲಿ ಕಂಪನಿಯ ಊರಿನ ಹೆಸರು ಸೇರಿಸಿ, ಮತ್ತೊಂದರಲ್ಲಿ 'ಟಿವಿ ಅತ್ತಿ' ಎಂದಷ್ಟೇ. ಆಧಾರಿನ ಹೆಸರು ಯಾವುದರಲ್ಲೂ ಇಲ್ಲ. ಈಗ ನಾಟಕ ಒಪ್ಪುವಾಗ ಅವರು ಹಾಕುವ ಮೊದಲ ಷರತ್ತು ದರದ್ದಲ್ಲ, ಕರಪತ್ರದಲ್ಲಿ ಆಧಾರಿನಲ್ಲಿದ್ದ ಹಾಗೆ ಹೆಸರು ಹಾಕಬೇಕು ಎಂಬುದು.

ಧಾರಾವಾಹಿ ಮುಗಿದು ಸೆಟ್ ಕಳಚುವಾಗ ಅದೇ ಕಲಾ ವಿಭಾಗದ ಹುಡುಗ ಗೋಡೆಯ ಫೋಟೋ ತಂದುಕೊಟ್ಟ. ಬದುಕಿರುವವರ ಫೋಟೋಗೆ ಮಾಲೆ ಅಪಶಕುನ ಎಂದು ಮಗನ ಹೆಂಡತಿ ಮನೆಯೊಳಗೆ ತರಲು ಬಿಡಲಿಲ್ಲ. ಅಕ್ಕ ಪ್ಲಾಸ್ಟಿಕ್ ಮಾಲೆ ಕಿತ್ತು, ಚೌಕಟ್ಟು ಬಿಚ್ಚಿ, ಫೋಟೋವನ್ನು ಗದಗಿನ ಪ್ರಿಂಟಿಂಗ್ ಪ್ರೆಸ್ಸಿಗೆ ಕಳಿಸಿದರು. ತಮ್ಮದು ಅಷ್ಟು ಚೆಂದ ಬಂದ ಫೋಟೋ ಇನ್ನೊಂದಿಲ್ಲವಂತೆ. ಕಳೆದ ಹಂಗಾಮಿನ ಕರಪತ್ರಗಳಲ್ಲೆಲ್ಲ ಅದೇ ಇದೆ, ಕೆಳಗೆ ಆಧಾರಿನ ಹೆಸರು. ಪ್ರತಿ ಊರಿನಿಂದ ಎರಡೆರಡು ಪ್ರತಿ ತರುತ್ತಾರೆ. ಒಂದು ಅವರ ಡೈರಿಗೆ, ಒಂದು ನನ್ನ ಫೈಲಿಗೆ.